ಸೀಸ ಕಟ್ಟದ ಪತ್ರ

ಕೋವಿಮದ್ದು ಮುಗಿದಿದೆ ಎಂಬ ಗುಟ್ಟು ಕೋಟೆಯೊಳಗೆ ಗೊತ್ತಿದ್ದದ್ದು ಇಬ್ಬರಿಗೇ: ಕರ್ನಲ್ ಹ್ಯಾರೋಬಿಗೆ ಮತ್ತು ಅವನ ಪತ್ರಗಳನ್ನು ಬರೆಯುವ ಈನಕ್‌ಗೆ. ಮದ್ದು ಕಳಿಸಿ ಎಂದು ಎಷ್ಟು ಅಂಗಲಾಚಿದರೂ ಗವರ್ನರ್ ಕಡೆಯಿಂದ ಬರುತ್ತಿದ್ದದ್ದು ಒಂದೇ ಉತ್ತರ: ಸಭೆ ಇನ್ನೂ ಚರ್ಚಿಸುತ್ತಿದೆ. ಚರ್ಚಿಸಲಿ, ಕರಾವಳಿಯಲ್ಲಿ ಬೆಂಕಿ ಕಾಯಿಸಿಕೊಳ್ಳುವವರಿಗೆ ಏನು ಅವಸರ? ಇಲ್ಲಿ ಕಾಡಿನಂಚಿಗೆ ಫ್ರೆಂಚರು ಬಂದು ಕೂತಿದ್ದರು.

ಆ ಬೆಳಿಗ್ಗೆ ಕರ್ನಲ್ ಹೇಳಿದ್ದನ್ನು ಈನಕ್ ಅಕ್ಷರ ಬಿಡದೆ ಬರೆದ. ಮದ್ದಿನ ಬಂಡಿಗಳು ಬಂದವು, ಜೊತೆಗೆ ಐನೂರು ಸೈನಿಕರೂ ಬಂದರು, ಗವರ್ನರ್ ಸಾಹೇಬರಿಗೆ ವಂದನೆ. ಎಲ್ಲ ಹಸಿ ಸುಳ್ಳು.

"ಇದು ಗವರ್ನರಿಗಲ್ಲ ಕಣಯ್ಯ, ಫ್ರೆಂಚರಿಗೆ," ಎಂದ ಕರ್ನಲ್. "ನದಿ ದಾರೀಲಿ ಹೋದೋನು ಅವರ ಕೈಗೆ ಸಿಕ್ಕೇ ಸಿಗ್ತಾನೆ. ಓದ್ಕೊಂಡು ಹೆದರ್ಲಿ. ನಿನ್ನ ಬಾಮೈದ ಜೇಬೆಜ್‌ನ ಕಳಿಸ್ತೀನಿ, ನನ್ನ ಪತ್ರ ಒಯ್ಯೋನು ಅಂತ ಅವರಿಗೂ ಗೊತ್ತು. ಬಾಯಿ ಬಿಟ್ಟೆಯೋ, ನೇಣಿಗೆ ಹಾಕಿಸ್ತೀನಿ."

ಗುಟ್ಟಿನ ಪತ್ರಕ್ಕೆ ಸೀಸದ ಗುಂಡು ಕಟ್ಟುವುದು ವಾಡಿಕೆ. ಶತ್ರು ಎದುರಾದರೆ ನೀರಿಗೆ ಎಸೆದರಾಯಿತು, ಮುಳುಗಿಹೋಗುತ್ತದೆ. ಇದಕ್ಕೆ ಮಾತ್ರ ಕಟ್ಟಬೇಡ ಎಂದು ಕರ್ನಲ್‌ನ ಅಪ್ಪಣೆಯಾಯಿತು.

ಜೇಬೆಜ್ ಸಿಳ್ಳೆ ಹಾಕುತ್ತ ಬಂದ. "ಏನ್ ಭಾವ, ಮುಖ ಹಿಂಗೆ ಬಿಳುಚ್ಕೊಂಡಿದೆ? ಅಕ್ಕ ಉಗಿದ್ಲಾ?" ಪತ್ರವನ್ನು ಅಂಗೈಯಲ್ಲಿ ತೂಗಿ ನೋಡಿದ. "ಸೀಸ ಎಲ್ಲಿ? ಮರ್ತೇಬಿಟ್ಯಾ?"

ಕಿಟಕಿಯ ಬಳಿ ನಿಂತಿದ್ದ ಕರ್ನಲ್ ತಿರುಗಿ ನೋಡಲಿಲ್ಲ. ಈನಕ್ ಪತ್ರದತ್ತ ನೋಡಿದ. ಹೋಗಬೇಡ ಎಂಬ ಒಂದು ಮಾತು ಸಾಕಿತ್ತು. ಆದರೆ ಕಣ್ಣೆದುರು ಹಗ್ಗ ತೂಗಾಡುತ್ತಿತ್ತು.

"ಈ ಸಲ... ಬೇಡವಂತೆ," ಎಂದ.

ಸಿಳ್ಳೆ ನಿಂತಿತು. ವರ್ಷಗಟ್ಟಲೆ ಪತ್ರ ಹೊತ್ತವನು ಜೇಬೆಜ್, ಅವನೇನು ದಡ್ಡನೇ? ಕರ್ನಲ್‌ನ ಬೆನ್ನು ನೋಡಿದ, ಭಾವನ ಮುಖ ನೋಡಿದ. ಈನಕ್ ತಲೆ ತಗ್ಗಿಸಿದ.

"ಅಕ್ಕ ಕೋಟೆ ಒಳಗೇ ಇದಾಳೆ, ಅಲ್ವಾ?"

"ಹೂಂ."

"ಹಂಗಾದ್ರೆ ಸರಿ."

ಜೇಬೆಜ್ ಬೆಂಚಿನ ಮೇಲೆ ಕೂತು ಬೂಟು ಬಿಚ್ಚತೊಡಗಿದ. ಜಿಂಕೆ ಚರ್ಮದ ಹೊಸ ಬೂಟು, ಒಳಗೆ ಮೊಲದ ತುಪ್ಪಳ. ಅಕ್ಕ ತಬಿತಾ ಚಳಿಗಾಲಕ್ಕೆಂದು ತಾನೇ ಹೊಲಿದು ಕೊಟ್ಟದ್ದು. "ನಿನ್ನ ಹಳೇದು ಕೊಡು ಭಾವ. ಇದನ್ನ ಆ ಫ್ರೆಂಚ್ ನನ್ಮಕ್ಳು ಯಾಕೆ ಹಾಕ್ಕೋಬೇಕು?"

ಹರಿದ ಬೂಟು ಮೆಟ್ಟಿ ಹಿಮದೊಳಗೆ ನಡೆದುಹೋದ. ಈನಕ್ ಅವನನ್ನು ಕೂಗಲೂ ಇಲ್ಲ.

ಮಧ್ಯಾಹ್ನ ಜೋಳದ ಗಂಜಿ ಬಡಿಸಲು ಬಗ್ಗಿದ ತಬಿತಾಳ ಕಣ್ಣು ಗಂಡನ ಕಾಲಿನ ಮೇಲೆ ಬಿತ್ತು.

"ಇದು ಜೇಬೆಜ್‌ದಲ್ವಾ? ಈ ಹಿಮದಲ್ಲಿ ಅವ್ನು ಏನು ಹಾಕ್ಕೊಂಡು ಹೋದ?"

ಈನಕ್ ಕಾಲನ್ನು ಹಿಂದಕ್ಕೆ ಎಳೆದುಕೊಂಡ. ಸೌಟು ಗಾಳಿಯಲ್ಲೇ ನಿಂತಿತು. ಅವಳಿಗೆ ಅರ್ಥವಾಗುತ್ತಿರುವುದು ಅವನಿಗೆ ಕಾಣುತ್ತಿತ್ತು. ನೇಣಿಗಿಂತ ಅದೇ ಅವನನ್ನು ಹೆಚ್ಚು ಹೆದರಿಸಿತು.

"ಬಿಚ್ಚಿ ಅದನ್ನ," ಎಂದಳು.

ಅವನು ಬಗ್ಗಿದ. ಎಷ್ಟು ಎಳೆದರೂ ಗಂಟು ಬಿಚ್ಚಲಾಗಲಿಲ್ಲ.