ಮೆಲೆನೈತೆ ಟೀಚರಿಗೆ ಬಂದ ಉತ್ತರ

ಸಾವಿನ ಮನೆಗೆ ಬರುವಾಗ ಟೊಂಗಾದವರು ಸೊಂಟಕ್ಕೆ ಸುತ್ತುವ ಶೋಕದ ಚಾಪೆ ಜಾರುತ್ತಿತ್ತು. ಪೌಲಿನೆ ಹೊಸ್ತಿಲಲ್ಲೇ ನಿಂತು ಹಗ್ಗ ಬಿಗಿಯುತ್ತಿರುವಾಗ ಮನಾಸೆ ಒಂದು ಲಕೋಟೆಯನ್ನು ಅವಳ ಕೈಗೆ ತುರುಕಿದ. ಸತ್ತ ಟೀಚರ ತಮ್ಮನಾದ್ದರಿಂದ, ಅಲ್ಲಿನ ಕಟ್ಟಳೆಯಂತೆ, ಅವನು ಹೆಣವಿದ್ದ ಕೋಣೆಯೊಳಗೆ ಕಾಲಿಡುವಂತಿರಲಿಲ್ಲ.

"ಬೆಳಗಿನ ದೋಣೀಲಿ ಬಂತು. ಅಕ್ಕನ ಹೆಸರಿಗೆ. ಶಿಕ್ಷಣ ಕಚೇರಿದು."

"ಎರಡು ವರ್ಷ ಕಾಯಿಸಿ ಮಣ್ಣಿನ ದಿನ ಕಳ್ಸಿದಾರೆ ನೋಡು," ಎಂದಳು ಗೆಣಸಿನ ಬುಟ್ಟಿ ಹೊತ್ತು ಒಲೆಗುಂಡಿಯ ಕಡೆಗೆ ಹೊರಟಿದ್ದ ಹೆಂಗಸೊಬ್ಬಳು. "ಆಮೆ ಬೆನ್ನಿಗೆ ಕಟ್ಟಿದ್ರೂ ಬೇಗ ಬರ್ತಿತ್ತು."

ಒಳಗೆ ಮೆಲೆನೈತೆ ಟೀಚರನ್ನು ಚಾಪೆಗಳ ಮೇಲೆ ಮಲಗಿಸಿದ್ದರು. ಪಕ್ಕದಲ್ಲಿ ಅವರ ತಾಯಿ, ಎಂಬತ್ತೆರಡರ ಲೆಸಿಯೆಲಿ, ಬೀಸಣಿಗೆಯಿಂದ ನೊಣ ಓಡಿಸುತ್ತಿದ್ದರು.

"ಓದು ಮಗಳೇ. ನಂಗೆ ಇಂಗ್ಲಿಷ್ ಬರಲ್ಲ, ನಮ್ಮ ಮಾತಲ್ಲಿ ಹೇಳು. ಅವಳನ್ನ ಹೊರಗೆ ಎತ್ತೋ ಮೊದಲು ನಂಗೆ ಗೊತ್ತಾಗ್ಬೇಕು."

ಪೌಲಿನೆ ಕಾಗದ ಬಿಡಿಸಿದಳು. ಮೂರನೆಯ ಸಾಲಿನಲ್ಲಿ ಅವಳದೇ ಹೆಸರಿತ್ತು.

*

ಪೌಲಿನೆ ಆರನೆಯ ತರಗತಿಯಲ್ಲಿದ್ದಾಗ, ಶಾಲೆಯಲ್ಲಿ ತಮ್ಮ ಟೊಂಗನ್ ಮಾತು ಆಡಿದವರು ಅಂಗಳ ಗುಡಿಸಬೇಕಿತ್ತು. ಮೆಲೆನೈತೆ ಟೀಚರ್ ಮಾತ್ರ ಬಾಗಿಲು ಮುಂದೆ ಮಾಡಿ, ಇಂಗ್ಲಿಷ್ ಪಾಠದ ಒಂದೊಂದು ಸಾಲನ್ನೂ ಮನೆಮಾತಿನಲ್ಲಿ ಹೇಳಿಸುತ್ತಿದ್ದರು. ಮೂಕಿಯಂತೆ ಕೂರುತ್ತಿದ್ದ ಪೌಲಿನೆಗೆ ಬಾಯಿ ಬಂದದ್ದು ಆ ಕೋಣೆಯಲ್ಲಿ.

ಹದಿನೈದು ವರ್ಷದ ಮೇಲೆ ಅವಳು ಅದೇ ಶಾಲೆಗೆ ತಾತ್ಕಾಲಿಕ ಟೀಚರಾಗಿ ಬಂದಳು. ತಪಾಸಣೆಗೆ ಬಂದವರು ಕೇಳಿದರು, "ಆ ಕೋಣೇಲಿ ಟೊಂಗನ್‌ನಲ್ಲೇ ಪಾಠ ನಡೆಯುತ್ತಂತೆ, ಹೌದಾ?" ಖಾಯಂ ಆಗುವವರ ಪಟ್ಟಿ ಅವರ ಕೈಯಲ್ಲಿತ್ತು. ಪೌಲಿನೆ ಹೌದೆಂದು ಬರೆದುಕೊಟ್ಟಳು. ಟೀಚರನ್ನು ತರಗತಿಯಿಂದ ತೆಗೆದು ಪುಸ್ತಕದ ಉಗ್ರಾಣಕ್ಕೆ ಹಾಕಿದರು.

ಯಾರ ಕೆಲಸವೆಂದು ಟೀಚರಿಗೆ ತಿಳಿಯಲಿಲ್ಲ. ಮರಳಿ ತರಗತಿ ಕೊಡಿರೆಂದು ಬರೆದ ಅರ್ಜಿಗಳನ್ನು ಪೌಲಿನೆಗೇ ತಂದು ತೋರಿಸುತ್ತಿದ್ದರು. "ತಪ್ಪಿದ್ರೆ ತಿದ್ದಮ್ಮ. ನಂಗೆ ಈಗೀಗ ಕಣ್ಣು ಸರಿ ಕಾಣಲ್ಲ."

*

"ಯಾಕೆ ನಿಲ್ಲಿಸ್ದೆ?" ಎಂದರು ಲೆಸಿಯೆಲಿ.

ಸುತ್ತ ಕೂತ ಮುದುಕಿಯರಲ್ಲಿ ಯಾರಿಗೂ ಇಂಗ್ಲಿಷ್ ಬಾರದು. ಏನು ಹೇಳಿದರೂ ನಡೆಯುತ್ತಿತ್ತು.

"ಮತ್ತೆ ತರಗತಿ ಕೊಡೋಕಾಗಲ್ಲ ಅಂತ ಬರೆದಿದಾರೆ, ಅಜ್ಜಿ. ಪಾಠದಲ್ಲಿ ಟೊಂಗನ್ ಬಳಸ್ತಿದ್ರು ಅಂತ ಅದೇ ಶಾಲೆ ಟೀಚರೊಬ್ಬಳು ಬರೆದುಕೊಟ್ಟಿದಾಳಂತೆ." ಪೌಲಿನೆ ಕಾಗದದಿಂದ ಕಣ್ಣೆತ್ತಿದಳು. "ಹೆಸರೂ ಹಾಕಿದಾರೆ. ಪೌಲಿನೆ ಅಂತ. ನಾನೇ."

ಬೀಸಣಿಗೆ ನಿಂತಿತು. ನೊಣವೊಂದು ಬಂದು ಟೀಚರ ತುಟಿಯ ಮೇಲೆ ಕೂತಿತು.

"ನಂಗೆ ತಿಳೀತು," ಎಂದರು ಲೆಸಿಯೆಲಿ. "ಈಗ ಅವಳಿಗೆ ಓದು. ಅವರು ಬರೆದ ಹಾಗೇ ಓದು. ಕಾದಿದ್ದು ಅವಳು."

"ಅಜ್ಜೀ..."

"ಓದು."

ಪೌಲಿನೆ ಮಂಡಿಯೂರಿದಳು. ಪಕ್ಕದ ಹೆಂಗಸರು ತಮ್ಮ ಚಾಪೆಗಳನ್ನು ಸದ್ದಿಲ್ಲದೆ ಹಿಂದಕ್ಕೆ ಎಳೆದುಕೊಂಡರು. ಆ ತಣ್ಣನೆಯ ಕಿವಿಯ ಹತ್ತಿರ ಬಾಗಿ ಅವಳು ಇಂಗ್ಲಿಷಿನಲ್ಲಿ ಮೊದಲ ಸಾಲಿನಿಂದ ಶುರುಮಾಡಿದಳು. ಮೂರನೆಯ ಸಾಲಿಗೆ ಬಂದಾಗ, ಅವಳ ಉಸಿರು ತಾಗಿ, ಟೀಚರ ಕೆನ್ನೆಯ ಮೇಲಿನ ನರೆಗೂದಲೊಂದು ಅಲುಗಿತು.