ಹಳದಿ ದಾರದ ಮರಿ

ಅವಳು ಮೆಟ್ಟಿಲ ಕೆಳಗಿನ ಮರಿಗಳ ಪೆಟ್ಟಿಗೆಯೊಳಗೆ ಕೈ ಚಾಚಿದ್ದೇ ತಡ, ನಾಯಿ ತುಟಿ ಮೇಲೆತ್ತಿ ಗುರ್ರೆಂದಿತು. ಮೂರು ವರ್ಷದ ಹಿಂದೆ ಚರಂಡಿಯಿಂದ ಎತ್ತಿ ತಂದು ಸಾಕಿದವಳ ಮೇಲೆ!

"ಇರಿ ಅಕ್ಕ, ನಾನು ಎತ್ತಿಕೊಡ್ತೀನಿ."

ಮೈದುನನ ಹೆಂಡತಿ ಮನೆಗೆ ಬಂದು ಇನ್ನೂ ಎಂಟು ತಿಂಗಳು. ಮೆಟ್ಟಿಲ ಕೆಳಗೆ ತೂರಿ ಕೂತಳು. ನಾಯಿ ಅವಳ ಮೊಣಕಾಲಿಗೆ ಗದ್ದ ಊರಿ ಕಣ್ಣು ಮುಚ್ಚಿತು.

"ಏನೇ ಮಾಟ ಮಾಡಿದೀಯ ಅದಕ್ಕೆ?"

"ಏನಿಲ್ಲ ಅಕ್ಕ. ಸುಮ್ನೆ ಪಕ್ಕದಲ್ಲಿ ಕೂತಿರ್ತೀನಿ, ಅಷ್ಟೆ."

ಸುಮ್ಮನೆ ಕೂತವಳಿಗೆ ತೊಡೆ ತುಂಬ ಪ್ರೀತಿ, ಮೈಮುರಿದು ದುಡಿದವಳಿಗೆ ಹಲ್ಲು.

ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷಿಸುವ ಅವಳಿಗೆ ಯಾವುದನ್ನೂ ಅಂದಾಜಿಗೆ ಬಿಟ್ಟು ಗೊತ್ತಿಲ್ಲ. ಐದು ಮರಿಗಳ ಕೊರಳಿಗೆ ಐದು ಬಣ್ಣದ ಉಣ್ಣೆ ದಾರ. ದಿನಕ್ಕೊಮ್ಮೆ ತೂಕ. ತೂಗುವ ಮುಂಚೆ ತಕ್ಕಡಿಯ ತಟ್ಟೆಗೂ ತನ್ನ ಕೈಗೂ ಸ್ಪಿರಿಟ್. ನಾಲ್ಕು ಮರಿ ಏರುತ್ತಿದ್ದವು; ಹಳದಿ ದಾರದ್ದು ಎರಡು ದಿನದಿಂದ ಇಳಿಯುತ್ತಿತ್ತು. ಮೊದಲ ಇಳಿತಕ್ಕೇ ಗಾಬರಿಯಾಗಿ ಅದನ್ನು ದಿನಕ್ಕೆ ಆರು ಸಲ ತೂಗತೊಡಗಿದ್ದಳು. ಮೊಲೆಗೆ ಹಚ್ಚಿದರೆ ತಾಯಿ ಮೂಸಿ, ಸೀನಿ, ಮೂತಿಯಿಂದ ಆಚೆ ತಳ್ಳುತ್ತಿತ್ತು.

"ನೀನು ಮುಟ್ಟಿ ಮುಟ್ಟಿಯೇ ಹೀಗಾಗಿರೋದು. ನಾಳೆಯಿಂದ ಈ ಕಡೆ ತಲೆ ಹಾಕಬೇಡ."

ಮೈದುನನ ಹೆಂಡತಿ ಎದ್ದು ಹೋದಳು.

ಬೆಳಿಗ್ಗೆ ಹಳದಿ ದಾರದ ಮರಿ ಅಳುವುದನ್ನೂ ಬಿಟ್ಟಿತ್ತು. ಅಂಗೈಯಲ್ಲಿ ಒದ್ದೆ ಬಟ್ಟೆಯಂತೆ ತಣ್ಣಗೆ. ಮತ್ತೆ ಹಚ್ಚಿದಳು, ಮತ್ತೆ ತಾಯಿ ಸೀನಿ ತಳ್ಳಿತು.

"ಆಮೇಲೆ ಬೇಕಾದಷ್ಟು ಬಯ್ಯಿರಿ ಅಕ್ಕ," ಬಾಗಿಲಾಚೆಯಿಂದಲೇ ದನಿ ಬಂತು. "ಒಂದ್ಸಲ ಅದನ್ನ ನೀವೇ ಮೂಸಿ ನೋಡಿ."

ಮೂಸಿದಳು. ಹಾಲಿನ ವಾಸನೆಯಿಲ್ಲ, ನಾಯಿಯದೂ ಇಲ್ಲ. ಪೂರ್ತಿ ಲ್ಯಾಬು, ಬರೀ ಸ್ಪಿರಿಟ್ಟು. ದಿನಕ್ಕೊಂದೇ ಸಲ ತೂಗಿದ ಮರಿಗಳನ್ನು ತಾಯಿ ನೆಕ್ಕಿ ನೆಕ್ಕಿ ತನ್ನದಾಗಿಸಿಕೊಂಡಿತ್ತು. ಇದನ್ನು ಮಾತ್ರ ನೆಕ್ಕಲು ಅದಕ್ಕೆ ಬಿಡುವೇ ಕೊಟ್ಟಿರಲಿಲ್ಲ. ಇಷ್ಟು ಹೊಳೆಯುವುದಕ್ಕೆ ಅವಳ ಓದು ಸಾಕಿತ್ತು. ಆದರೂ ಈ ಕಾರಣ ಸುಳ್ಳಾಗಲಿ ಎಂದು, ಮರಿ ಕೈಯಲ್ಲಿ ಆರುತ್ತಿದ್ದಂತೆಯೇ, ಒಂದು ಗಳಿಗೆ ಬಯಸಿದಳು.

"ಬಾ, ತಗೋ," ಎಂದಳು ಕೊನೆಗೆ.

ಮೈದುನನ ಹೆಂಡತಿ ಮರಿಯನ್ನು ಬಿಸಿನೀರಿನ ಬಟ್ಟೆಯಲ್ಲಿ ಒರೆಸಿ, ಎದೆಗೆ ಅವುಚಿ ಬೆಚ್ಚಗೆ ಮಾಡಿ, ಉಳಿದ ಮರಿಗಳ ಮೈಗೆ ಉಜ್ಜಿದಳು. ಮರಿ ಕೊಟ್ಟವಳು ನೋಡಲಾರದೆ ಹೊರಬಂದು ಅದೇ ಮರದ ಮೆಟ್ಟಿಲ ಮೇಲೆ ಕೂತಳು. ತುಂಬ ಹೊತ್ತಾಯಿತು.

"ತಳ್ಳಿತಾ?"

"ಇಲ್ಲ ಅಕ್ಕ. ನೆಕ್ತಾ ಇದೆ."

"ಹಿಂದಿನ ಮೊಲೆಗೆ ಹಚ್ಚು. ಅಲ್ಲಿ ಹಾಲು ಜಾಸ್ತಿ."

"ಅದೇ ಹುಡುಕ್ಕೊಂಡ್ತು! ಬನ್ನಿ, ನೋಡಿ ಬನ್ನಿ."

"ಕೆಲಸ ಇದೆ ನಂಗೆ."

ಅಂದು ಅವಳಿಗೆ ರಜೆ. ಎರಡೂ ಕೈಗಳನ್ನು ಮಂಡಿಗಳ ನಡುವೆ ಸಿಕ್ಕಿಸಿಕೊಂಡು ಕೂತೇ ಇದ್ದಳು. ಕೆಳಗೆ ಪೆಟ್ಟಿಗೆಯಲ್ಲಿ ನಾಯಿ ಬಾಲ ಬಡಿಯತೊಡಗಿತು, ನಿಧಾನವಾಗಿ. ಒಂದೊಂದು ಬಡಿತವೂ ಹಲಗೆಯನ್ನು ಹಾದು ಅವಳನ್ನು ಮುಟ್ಟುತ್ತಿತ್ತು.