ದೊರೆ ವಂಶದೋರು

ಕಲ್ಯಾಣದುರ್ಗದ ಗುಡ್ಡದ ಮೇಲೆ ನಮ್ಮ ದೊರೆಸಾಮಿ ಗುಡಿ ಐತೆ. ದೊರೆಸಾಮಿ ಅಂದ್ರೆ ಹಿಂದೆ ಈ ಸೀಮೆ ಆಳಿದ ದೊರೆ; ದೇವರ ವಿಗ್ರಹ ಬಿಟ್ಟುಕೊಡಲ್ಲ ಅಂದಿದ್ಕೆ ಯುದ್ಧ ಗೆದ್ದೋರು ಅವನ ತಲೆ ಕಡಿಸಿದ್ರಂತೆ. ಕಡಿದೋನು ನನ್ನ ಗಂಡ ಓಬುಳೇಶನ ಮನೆತನದ ಹಿರೀಕ. ಅದ್ಕೇ ವರ್ಷಾ ವರ್ಷಾ ದೊರೆ ಸತ್ತ ದಿನ ನಾವು ಹಿಂದೂಪುರದಿಂದ ಬಸ್ಸಲ್ಲಿ ಆ ತಲೆ ಕಡಿದ ಕತ್ತೀನ ಕೆಂಪು ಬಟ್ಟೇಲಿ ಸುತ್ಕೊಂಡು ಹೋಗ್ಬೇಕು. ನನ್ನ ಗಂಡ ಗುಡಿ ಮುಂದೆ ಮಂಡಿ ಊರ್ಬೇಕು. ಭಕ್ತರು ಹುಣಸೆ ಬರ್ಲಲ್ಲಿ ಬೆನ್ನಿಗೆ ಒಂದೊಂದು ಏಟು ಹಾಕ್ತಾರೆ. ಮೆಲ್ಲಗೆ ಮುಟ್ಟಿಸಿ ಹೋಗೋದು ವಾಡಿಕೆ.

ಈ ಸಲ ಗುಡಿ ಕಮಿಟಿಯ ಹೊಸ ಅಧ್ಯಕ್ಷ ಜಯಚಂದ್ರ ಸೊಂಟದ ಬೆಲ್ಟ್ ಬಿಚ್ಚಿದ. "ನಾನು ದೊರೆ ವಂಶದೋನು, ನನ್ನ ರಕ್ತ ಕುದೀತೈತೆ" ಅಂತ ಕೂಗಾಡ್ತಾ ಬಕಲ್ ಕಡೆಯಿಂದ ಬಾರಿಸ್ದ. ಬೆನ್ನಿನ ಚರ್ಮ ಕಿತ್ತು ಬಂತು. ನನ್ನ ಗಂಡ ಬಿದ್ದ ಮೇಲೂ ಬಿಡ್ದೆ ಅವನ ಬಾಯಿಗೆ ಒದ್ದ. ಹಲ್ಲು ನನ್ನ ಕಾಲ ಹತ್ರ ಬಂದು ಬಿತ್ತು. ಜನ ಜೈಕಾರ ಹಾಕ್ತಾ ನಿಂತಿದ್ರು, ಮುಂಡೇವು.

ಕೆಂಪು ಬಟ್ಟೆ ಕಿತ್ತೆಸೆದು ಕತ್ತಿ ಹಿಡ್ಕೊಂಡೆ. ಜಯಚಂದ್ರನ ಕೂದ್ಲು ಹಿಡಿದು, ಗುಡಿ ಮೆಟ್ಟಿಲಿಗೆ ಮುಖ ಗುದ್ದಿ, ಕತ್ತೀನ ಅವನ ಕುತ್ತಿಗೆಗೆ ಒತ್ತಿದೆ. ರಕ್ತ ಜಿನುಗ್ತು.

"ದೊರೆ ವಂಶದೋನೇನ್ಲಾ? ಸರಿ. ಕಡಿಯೋದು ನಮ್ಮನೆ ಕೆಲ್ಸ. ಈವತ್ತು ಕಡೀತೀನಿ, ನಾಳೆ ನಿಂಗೂ ಗುಡಿ ಕಟ್ತಾರೆ. ಹೇಳ್ಲಾ, ಯಾರ ವಂಶ ನೀನು?"

"ವದ್ದಮ್ಮಾ, ವದ್ದು! ಬ್ಯಾಡಮ್ಮಾ! ನಾನು ದೊರೆ ವಂಶ ಅಲ್ಲ ಕಣಮ್ಮಾ, ಓಟಿಗೋಸ್ಕರ ಸುಳ್ಳು ಹೇಳ್ದೆ" ಅಂತ ಪ್ಯಾಂಟಲ್ಲೇ ಉಚ್ಚೆ ಹೊಯ್ಕೊಂಡ.

ಜೈಕಾರ ನಿಂತೋಯ್ತು. ನಾನು ಕತ್ತಿ ಎತ್ತಿ ಜನದ ಕಡೆ ತಿರುಗಿದೆ.

"ಇನ್ಯಾರಿದ್ದೀರಪ್ಪಾ ದೊರೆ ವಂಶದೋರು? ಮುಂದಕ್ಕೆ ಬನ್ನಿ."